ಸ್ಕೋರ್ ಶೀಟಿನಲ್ಲಿ ಇಲ್ಲದ ಕಾಲಂ: ಕೋಚ್ ಡೀನ್ ಸ್ಮಿತ್ ನೆನಪು

(ಬಳ್ಳಾರಿಯ ಬ್ಯಾಸ್ಕೆಟ್‌ಬಾಲ್ ಬೇಸಿಗೆ ಶಿಬಿರವೊಂದರಲ್ಲಿ ಆಡಿದ ಮಾತುಗಳು)

ಎಲ್ಲರಿಗೂ ನಮಸ್ಕಾರ. ಶಿಬಿರದ ಮಕ್ಕಳೇ, ಅವರನ್ನು ಬಿಡಲು ಬಂದು ಇಲ್ಲೇ ಉಳಿದುಕೊಂಡ ಅಪ್ಪ-ಅಮ್ಮಂದಿರೇ, ಪಿ.ಇ. ಸರ್‌ಗಳೇ, ಮೇಡಂಗಳೇ. ಬಿಸಿಲು ಇಳಿಯಲಿ ಅಂತ ಕಾರ್ಯಕ್ರಮವನ್ನು ಸಂಜೆ ಆರಕ್ಕೆ ಇಟ್ಟುಕೊಂಡೆವು. ಆದರೆ ಬಳ್ಳಾರಿ ಅಂದ್ರೆ ಬಳ್ಳಾರಿನೇ. ಕೋರ್ಟಿನ ಸಿಮೆಂಟು ಇನ್ನೂ ಕಾದಿದೆ. ಕೆಳಗೆ ಕೂತವರು ಜಮಖಾನದ ಮೇಲೆ ಸರಿದು ಕೂತ್ಕೊಳ್ಳಿ.

ಇವತ್ತು ನನಗೆ ಕೊಟ್ಟಿರುವ ವಿಷಯ ಕೋಚ್ ಡೀನ್ ಸ್ಮಿತ್. ಅಮೆರಿಕದವರು. ನಾರ್ತ್ ಕೆರೊಲಿನಾ ಯೂನಿವರ್ಸಿಟಿಯಲ್ಲಿ 1961ರಿಂದ 1997ರವರೆಗೆ ಕೋಚ್ ಆಗಿದ್ದರು. 36 ವರ್ಷ ಒಂದೇ ಜಾಗ, ಒಂದೇ ತಂಡ. 879 ಮ್ಯಾಚ್ ಗೆದ್ದರು. ನಿವೃತ್ತರಾದಾಗ ಅಲ್ಲಿನ ಮೇಲ್ದರ್ಜೆಯ ಕಾಲೇಜು ಆಟದಲ್ಲಿ ಅಷ್ಟು ಗೆಲುವು ಕಂಡ ಕೋಚ್ ಇನ್ನೊಬ್ಬರಿರಲಿಲ್ಲ. 2015ರ ಫೆಬ್ರವರಿ 7ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಸರು ಕೇಳಿಲ್ಲ ಅಂತೀರಾ? ಅವರ ಶಿಷ್ಯನ ಹೆಸರು ಖಂಡಿತ ಕೇಳಿದ್ದೀರಿ. 23ನೇ ನಂಬರಿನ ಬನಿಯನ್ ಹಾಕಿಕೊಂಡ ಹುಡುಗರು ಇಲ್ಲೇ ಕಾಣ್ತಿದ್ದಾರೆ. ಮೈಕಲ್ ಜೋರ್ಡನ್ ಆ ನಂಬರ್ ತೊಟ್ಟು ಮೊದಲು ಹೆಸರು ಮಾಡಿದ್ದು ಇವರ ಕೈಕೆಳಗೆ, ಕಾಲೇಜಿನಲ್ಲಿ.

ಅಲ್ಲಿಯ ಕೋಚ್‌ಗೂ ನಮಗೂ ಏನು ಸಂಬಂಧ ಅಂತ ಒಬ್ಬ ಹಿರಿಯರು ಆಗಲೇ ಕೇಳಿದರು. ಸಂಬಂಧ ಇದೆ ಸರ್, ನಂಟಸ್ತನವೇ ಇದೆ. ಈ ಆಟ ಶುರುವಾಗಿದ್ದು 1891ರ ಡಿಸೆಂಬರ್‌ನಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ. ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು ಜಿಮ್‌ನ ಬಾಲ್ಕನಿಗೆ ಹಣ್ಣಿನ ಬುಟ್ಟಿ ಹೊಡೆದರು. ಬಾಲ್ಕನಿ 10 ಅಡಿ ಎತ್ತರಕ್ಕಿತ್ತು. ನಿಮ್ಮ ತಲೆ ಮೇಲಿನ ಈ ರಿಂಗೂ ಅದೇ 10 ಅಡಿ. ನೈಸ್ಮಿತ್ ಆಮೇಲೆ ಕಾನ್ಸಾಸ್ ಯೂನಿವರ್ಸಿಟಿಗೆ ಹೋದರು. ಅಲ್ಲಿ ಅವರ ಬಳಿ ಆಡಿದವರು ಫಾಗ್ ಅಲೆನ್. ಅಲೆನ್ ಬಳಿ ಕಲಿತವರು ಡೀನ್ ಸ್ಮಿತ್. ಇದು ಒಂದು ಕವಲು. ಇನ್ನೊಂದು ಕವಲು ನಮ್ಮ ಕಡೆ ಬಂತು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ಬಳ್ಳಾರಿ 1953ರವರೆಗೆ ಮದರಾಸಿಗೇ ಸೇರಿತ್ತಲ್ವಾ? ಡ್ರಿಲ್ ಮಾಸ್ತರಿಕೆ ಕಲಿಯಬೇಕು ಅಂದ್ರೆ ಈ ಕಡೆಯವರ ಕಣ್ಣು ಹೋಗುತ್ತಿದ್ದುದು ಮದರಾಸಿನ ಕಡೆಗೇ. ಹಾಗೆ ನೋಡಿದರೆ ಡೀನ್ ಸ್ಮಿತ್ ನಮಗೆ ದೊಡ್ಡಪ್ಪನ ಮಗ.

ಒಂದು ತಮಾಷೆ. ಆಟ ಕಂಡುಹಿಡಿದ ನೈಸ್ಮಿತ್ ಕಾನ್ಸಾಸ್‌ನಲ್ಲಿ ಕೋಚ್ ಆಗಿ ಗೆದ್ದದ್ದಕ್ಕಿಂತ ಸೋತಿದ್ದೇ ಜಾಸ್ತಿ. ಗೆಲುವು 55, ಸೋಲು 60. ಹಾಗಾಗಿ ಸೋತ ಮಕ್ಕಳು ಯಾರೂ ಮುಖ ಸಣ್ಣ ಮಾಡ್ಕೊಳ್ಳಬೇಡಿ.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಾನು ಆಟಗಾರನಲ್ಲ, ಕೋಚೂ ಅಲ್ಲ. ಟೇಬಲ್‌ನಲ್ಲಿ ಕೂತು ಸ್ಕೋರ್ ಶೀಟ್ ಬರೆಯುವವನು. ಶೀಟ್ ಹೇಗಿರುತ್ತೆ ಅಂತ ಎಷ್ಟೋ ಆಟಗಾರರೇ ಸರಿಯಾಗಿ ನೋಡಿರಲ್ಲ. 12 ಹೆಸರು ಬರೆಯುತ್ತೇವೆ. ಕೋರ್ಟಿಗೆ ಇಳಿದವನ ಹೆಸರಿನ ಮುಂದೆ ಒಂದು ಎಕ್ಸ್. ಮೊದಲ ಐದು ಜನರ ಎಕ್ಸ್‌ಗೆ ಸುತ್ತ ಒಂದು ಗುಂಡು. ಬಾಸ್ಕೆಟ್ ಬಿದ್ದರೆ ಸ್ಕೋರ್ ಅಂಕಿಯ ಮೇಲೆ ಗೆರೆ, ಪಕ್ಕದಲ್ಲಿ ಹಾಕಿದವನ ನಂಬರ್. 3 ಪಾಯಿಂಟ್ ಆದರೆ ಆ ನಂಬರಿಗೊಂದು ಸುತ್ತು. ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ. ಫೌಲ್ ಮಾಡಿದರೆ ಅದಕ್ಕೊಂದು ಮನೆ. ಟೈಮ್ ಔಟ್‌ಗೂ ಮನೆ ಇದೆ. ಆದರೆ ಪಾಸ್ ಕೊಟ್ಟವನಿಗೆ ಮನೆ ಇಲ್ಲ. ಹುಡುಗ ಮೂರು ಜನರನ್ನು ತನ್ನ ಕಡೆ ಎಳೆದುಕೊಂಡು, ಬೆನ್ನ ಹಿಂದಿನಿಂದ ಚೆಂಡು ಬಿಟ್ಟ. ಇನ್ನೊಬ್ಬ ರಿಂಗಿನ ಹತ್ತಿರ ಹೋಗಿ ಆರಾಮಾಗಿ ಲೇ-ಅಪ್ ಹಾಕಿದ. ನಾನು ಬರೆಯುವುದು ಎರಡನೆಯವನ ನಂಬರ್. ಮೊದಲನೆಯವನು ನನ್ನ ಶೀಟಿನಲ್ಲಿ ಹುಟ್ಟೇ ಇಲ್ಲ. ಇನ್ನು ಬೆಂಚಿನ ಹನ್ನೆರಡನೆಯವನ ಪಾಡು ಕೇಳಬೇಡಿ. ಅವನ ಮುಂದೆ ಎಕ್ಸ್ ಕೂಡ ಇರಲ್ಲ.

ಡೀನ್ ಸ್ಮಿತ್ ಜೀವನಪೂರ್ತಿ ಮಾಡಿದ್ದು ಈ ಇಲ್ಲದ ಕಾಲಂ ತುಂಬುವ ಕೆಲಸ. ನನಗೆ ಅವರು ಇಷ್ಟವಾಗುವುದೇ ಇದಕ್ಕೆ.

ಅವರ ತಂಡದಲ್ಲಿ ಒಂದು ನಿಯಮ. ಬಾಸ್ಕೆಟ್ ಹಾಕಿದವನು ತಿರುಗಿ ಓಡುವಾಗ ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು. ಇವತ್ತು ಟಿವಿಯಲ್ಲಿ ಎಲ್ಲ ತಂಡದವರೂ ಮಾಡ್ತಾರೆ, ಸ್ಟೈಲ್ ಅಂದುಕೊಂಡಿದ್ದೇವೆ. ಪಾಸ್ ಕೊಟ್ಟವನನ್ನು ನೆನೆಯಬೇಕು ಅಂತ ಮೊದಲು ಹೇಳುತ್ತಿದ್ದವರು ಇನ್ನೊಬ್ಬ ದೊಡ್ಡ ಕೋಚ್ ಜಾನ್ ವುಡನ್. ಅದನ್ನು ಬೆರಳಿಗೆ ಇಳಿಸಿ, ತಪ್ಪದೆ ಮಾಡಿಸಿದವರು ಸ್ಮಿತ್. ಬೆರಳು ತೋರಿಸಿದ ಕೂಡಲೇ ಇಡೀ ಗ್ಯಾಲರಿ ಆ ಕಡೆ ತಿರುಗುತ್ತೆ.

ಇನ್ನೊಂದು. ಸುಸ್ತಾದ ಹುಡುಗ ಮುಷ್ಟಿ ಎತ್ತಿದರೆ ಸಾಕು, ಅವನನ್ನು ಹೊರಗೆ ಕರೆಯುತ್ತಿದ್ದರು. ಸುಧಾರಿಸಿಕೊಂಡ ಮೇಲೆ ಅವನೇ ಕೇಳಿ ವಾಪಸ್ ಹೋಗಬಹುದು. ಆದರೆ ಸುಸ್ತನ್ನು ಮುಚ್ಚಿಟ್ಟು ಕಾಲೆಳೆಯುತ್ತಾ ಓಡಿದ್ದು ಕೋಚ್ ಕಣ್ಣಿಗೆ ಬಿದ್ದು, ಅವರೇ ಕರೆದರೆ, ವಾಪಸ್ ಯಾವಾಗ ಅಂತ ಅವರೇ ಹೇಳಬೇಕು. ಎಷ್ಟು ಜಾಣ ಲೆಕ್ಕ ನೋಡಿ. ನಮ್ಮಲ್ಲಿ ಹುಡುಗರು ಹೊರಗೆ ಕರೆದರೆ ಮತ್ತೆ ಒಳಗೆ ಬಿಡಲ್ಲ ಅನ್ನೋ ಭಯಕ್ಕೆ ಕೆಮ್ಮುತ್ತಾ ಆಡ್ತಾರೆ. ಮೇ ತಿಂಗಳ ಈ ಕಾವಿನಲ್ಲಿ, ಈ ಗಣಿ ಧೂಳಿನಲ್ಲಿ, ಮುಷ್ಟಿ ಎತ್ತುವ ಪದ್ಧತಿ ಅಲ್ಲಿಗಿಂತ ಇಲ್ಲಿಗೇ ಹೆಚ್ಚು ಬೇಕು.

ಹೊರಗೆ ಬಂದವನಿಗೆ ಇಡೀ ಬೆಂಚು ಎದ್ದು ನಿಲ್ಲುತ್ತಿತ್ತು. ಬೆಂಚಿನ ಐದು ಜನರನ್ನು ಒಟ್ಟಿಗೇ ಮೊದಲ ಅರ್ಧದಲ್ಲಿ ಸ್ವಲ್ಪ ಹೊತ್ತು ಇಳಿಸುತ್ತಿದ್ದರು. ಅವರಿಗೆ ಬ್ಲೂ ಟೀಮ್ ಅಂತ ಹೆಸರೇ ಇತ್ತು. ಫೈನಲ್ ಇಯರ್ ಹುಡುಗರ ಕೊನೆಯ ಹೋಮ್ ಮ್ಯಾಚಿನಲ್ಲಿ, ವರ್ಷವಿಡೀ ಬೆಂಚು ಬಿಟ್ಟು ಏಳದವನೂ ಮೊದಲ ಐದರಲ್ಲಿ ಇಳಿಯುತ್ತಿದ್ದ. ಇಷ್ಟೆಲ್ಲ ಯಾಕೆ ಹೊಳೆಯಿತು? ಸ್ಮಿತ್ ಸ್ವತಃ ಬೆಂಚಿನವರು. 1952ರಲ್ಲಿ ಕಾನ್ಸಾಸ್ ರಾಷ್ಟ್ರೀಯ ಚಾಂಪಿಯನ್ ಆದಾಗ ಅವರು ರಿಸರ್ವ್ ಆಟಗಾರ. ಓದಿದ್ದು ಗಣಿತ. ಬೆಂಚಿನಲ್ಲಿ ಕೂತು ಲೆಕ್ಕ ಹಾಕಲು ಬೇಕಾದಷ್ಟು ಟೈಮ್ ಸಿಕ್ಕಿರಬೇಕು!

ಸುಮ್ನೆ ದೇವರ ಥರ ಹೊಗಳ್ತಾ ಹೋಗಲ್ಲ. ಶುರುವಿನಲ್ಲಿ ಅವರನ್ನು ಊರೇ ಬೈದಿತ್ತು. 1965ರ ಜನವರಿಯಲ್ಲಿ ವೇಕ್ ಫಾರೆಸ್ಟ್ ವಿರುದ್ಧ ಸೋತು ಬಸ್ಸಿನಲ್ಲಿ ವಾಪಸ್ ಬಂದರೆ, ಕ್ಯಾಂಪಸ್ಸಿನಲ್ಲಿ ಅವರ ಪ್ರತಿಕೃತಿಗೆ ನೇಣು ಹಾಕಿದ್ದರು. ಬಿಲ್ಲಿ ಕನ್ನಿಂಗ್‌ಹ್ಯಾಮ್ ಎಂಬ ಹುಡುಗ ಬಸ್ಸಿನಿಂದ ಇಳಿದು ಓಡಿ ಅದನ್ನು ಕಿತ್ತು ಹಾಕಿದ. ಆಮೇಲೆ ಗೆಲ್ಲಲು ಶುರು ಮಾಡಿದಾಗ ಬೇರೆ ಥರ ಬೈಗುಳ. ಮುಂದಿದ್ದಾಗ ಅವರ ತಂಡ ನಾಲ್ಕು ಮೂಲೆಗೆ ಹರಡಿ ಚೆಂಡು ಹಿಡಿದುಕೊಂಡು ಕಾಲ ತಳ್ಳುತ್ತಿತ್ತು. 1979ರಲ್ಲಿ ಡ್ಯೂಕ್ ವಿರುದ್ಧದ ಒಂದು ಮ್ಯಾಚಿನಲ್ಲಿ ಈ ಆಟ ತಿರುಗುಬಾಣವಾಯಿತು. ಹಾಫ್ ಟೈಮ್‌ಗೆ ಡ್ಯೂಕ್ 7, ಇವರು ಸೊನ್ನೆ. ಸ್ಕೋರರ್‌ಗೆ ಆರಾಮೋ ಆರಾಮು ಬಿಡಿ. ಇಂಥ ಆಟಕ್ಕೆ ಬೇಸತ್ತೇ ಕಾಲೇಜು ಆಟಕ್ಕೂ 1985ರಲ್ಲಿ 45 ಸೆಕೆಂಡಿನ ಶಾಟ್ ಕ್ಲಾಕ್ ಬಂತು, ಅಂದ್ರೆ ಅಷ್ಟರೊಳಗೆ ಬಾಸ್ಕೆಟ್‌ಗೆ ಎಸೆಯಲೇಬೇಕು.

ಅವರು ಅಸಿಸ್ಟೆಂಟ್ ಕೋಚ್ ಆಗಿದ್ದ ಕಾಲದ ಒಂದು ಸಂಗತಿ. ಅವರ ಊರು ಚಾಪೆಲ್ ಹಿಲ್‌ನ ಹೋಟೆಲೊಂದು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ತಂಡದವರು ಊಟ ಮಾಡುತ್ತಿದ್ದ ಹೋಟೆಲೇ ಅದು. ಸ್ಮಿತ್ ತಮ್ಮ ಚರ್ಚಿನ ಪಾದ್ರಿ ಮತ್ತು ಒಬ್ಬ ಕಪ್ಪು ವಿದ್ಯಾರ್ಥಿ ಜೊತೆ ಒಳಗೆ ಹೋಗಿ ಕೂತರು. ಊಟ ಬಂತು. ಎಷ್ಟೋ ವರ್ಷದ ಮೇಲೆ ಒಬ್ಬ ಪತ್ರಕರ್ತರು ಇದನ್ನು ಆ ಪಾದ್ರಿಯಿಂದ ತಿಳಿದು ಕೇಳಿದಾಗ, ಸ್ಮಿತ್‌ಗೆ ಅದು ಹೊರಗೆ ಬಂದದ್ದೇ ಇಷ್ಟವಾಗಲಿಲ್ಲ. ಸರಿಯಾದದ್ದನ್ನು ಮಾಡಿದ್ದಕ್ಕೆ ಹೆಮ್ಮೆ ಯಾಕೆ, ಮಾಡಬೇಕು ಅಷ್ಟೆ ಅನ್ನುವುದು ಅವರ ಮಾತಿನ ಅರ್ಥ. ಹೋಟೆಲಿಗೆ ಬಿಡದ ಕಥೆ ನಮಗೆ ದೂರದ್ದಲ್ಲ. ದಲಿತರ ಮೇಲೆ ಹಲ್ಲೆಯಾದ ಕೊಪ್ಪಳ ಜಿಲ್ಲೆಯ ಮರಕುಂಬಿ ಪ್ರಕರಣದ ತೀರ್ಪು 2024ರಲ್ಲಿ ಬಂದದ್ದನ್ನು ಪೇಪರಿನಲ್ಲಿ ಓದಿದ್ದೀರಿ. 1966ರಲ್ಲಿ ಸ್ಮಿತ್ ಚಾರ್ಲಿ ಸ್ಕಾಟ್‌ನನ್ನು ಕರೆತಂದರು. ಆ ಯೂನಿವರ್ಸಿಟಿಯಲ್ಲಿ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಆಟಗಾರ ಅವನು.

ಈಗ ಎಲ್ಲರೂ ಕಾಯುತ್ತಿರುವ ಮ್ಯಾಚ್. 1982ರ ಮಾರ್ಚ್ 29, ನ್ಯೂ ಆರ್ಲಿಯನ್ಸ್, ಕಾಲೇಜು ತಂಡಗಳ ರಾಷ್ಟ್ರೀಯ ಫೈನಲ್. ಎದುರು ಜಾರ್ಜ್‌ಟೌನ್. ಒಂದು ಪಾಯಿಂಟ್ ಹಿಂದಿದ್ದಾರೆ, ಅರ್ಧ ನಿಮಿಷ ಉಳಿದಿದೆ. ಟೈಮ್ ಔಟ್ ಮುಗಿಸಿ ಬಂದರು. ಎಡಗಡೆಯಿಂದ ಮೊದಲ ವರ್ಷದ ಹುಡುಗ ಜೋರ್ಡನ್ ಎಗರಿ ಹೊಡೆದ. ಬಿತ್ತು. 63-62. ಆ ಶಾಟ್ ನೀವು ಮೊಬೈಲಿನಲ್ಲಿ ನೋಡಿದ್ದೀರಿ. ಪಾಸ್ ಕೊಟ್ಟವನು ಯಾರು? ಯಾರಾದರೂ ಹೇಳಿ. ಇಲ್ವಾ? ಜಿಮ್ಮಿ ಬ್ಲ್ಯಾಕ್. ಫೈನಲ್ ಇಯರ್ ಹುಡುಗ, ತಂಡದ ಪಾಯಿಂಟ್ ಗಾರ್ಡ್, ಅಂದ್ರೆ ಚೆಂಡು ತಂದು ಆಟ ನಡೆಸುವವನು. ಎಲ್ಲರೂ ಒಳಗಿನ ಎತ್ತರದ ಹುಡುಗರನ್ನು ಕಾಯುತ್ತಿದ್ದಾಗ ಚೆಂಡನ್ನು ಇನ್ನೊಂದು ಬದಿಗೆ ದಾಟಿಸಿದವನು ಅವನು. ಹಾಗೇ ಮುಂದೆ ನೋಡಿ. ಜಾರ್ಜ್‌ಟೌನ್‌ನ ಫ್ರೆಡ್ ಬ್ರೌನ್ ಗಡಿಬಿಡಿಯಲ್ಲಿ ಚೆಂಡನ್ನು ನೇರ ಎದುರಾಳಿ ಜೇಮ್ಸ್ ವರ್ದಿ ಕೈಗೇ ಕೊಟ್ಟುಬಿಟ್ಟ. ಮ್ಯಾಚ್ ಮುಗಿಯಿತು. ಅವನ ಕೋಚ್ ಜಾನ್ ಥಾಮ್ಸನ್, ಸ್ಮಿತ್‌ರ ಗೆಳೆಯರು, ಆ ಹುಡುಗನನ್ನು ತಬ್ಬಿಕೊಂಡರು. ಪಿ.ಇ. ಸರ್‌ಗಳೇ, ಆ ಎರಡು ನಿಮಿಷದ ವಿಡಿಯೋ ಒಮ್ಮೆ ಹುಡುಗರಿಗೆ ತೋರಿಸಿ.

ಸ್ಮಿತ್‌ಗೆ ಹಳೆಯ ಹುಡುಗರ ಹೆಸರಷ್ಟೇ ಅಲ್ಲ, ಅವರ ಮನೆಯವರ ಹೆಸರೂ ನೆನಪಿರುತ್ತಿತ್ತು ಅಂತ ಅವರ ಬಳಿ ಆಡಿದವರೆಲ್ಲ ಹೇಳುತ್ತಾರೆ. ಕೊನೆಗಾಲದಲ್ಲಿ ಆ ನೆನಪೇ ಹೋಯಿತು. 2010ರಲ್ಲಿ ಮನೆಯವರೇ ಪತ್ರ ಬರೆದು ಕಾಯಿಲೆಯ ವಿಷಯ ತಿಳಿಸಿದರು. 2013ರಲ್ಲಿ ಅಮೆರಿಕದ ಅಧ್ಯಕ್ಷರ ಪದಕ ಬಂದಾಗ ತೆಗೆದುಕೊಂಡವರು ಹೆಂಡತಿ.

ತೀರಿಕೊಂಡ ಮುಂದಿನ ತಿಂಗಳು, ಅವರ ಬಳಿ ಆಡಿದ ಸುಮಾರು 180 ಹುಡುಗರ ಮನೆಗೆ ಒಂದೊಂದು ಲಕೋಟೆ ಬಂತು. ಒಳಗೆ 200 ಡಾಲರಿನ ಚೆಕ್. ಅಂದಿನ ಲೆಕ್ಕಕ್ಕೆ 12 ಸಾವಿರ ರೂಪಾಯಿ ಮೇಲೆ ಸ್ವಲ್ಪ. ಕೋಚ್ ಡೀನ್ ಸ್ಮಿತ್ ಲೆಕ್ಕದಲ್ಲಿ ಹೊರಗೆ ಊಟ ಮಾಡಿ ಬನ್ನಿ ಅಂತ ಅದರಲ್ಲಿ ಬರೆದಿತ್ತು. ವಿಲ್‌ನಲ್ಲಿ ಹಾಗೆ ಮಾಡಿಟ್ಟಿದ್ದರು. ಸಾವಿರಾರು ಕೋಟಿಯ ಒಡೆಯ ಜೋರ್ಡನ್‌ಗೂ 200. ಹೆಸರೇ ಯಾರಿಗೂ ನೆನಪಿಲ್ಲದ ಬೆಂಚಿನವನಿಗೂ 200. ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಸರ್‌ಗಳೇ. ಇಂಟರ್ ಕಾಲೇಜಿಯೇಟ್‌ಗೆ ಹೋದಾಗ ಟಿ.ಎ., ಡಿ.ಎ. ಬಿಲ್ ಪಾಸಾಗುವುದು ಯಾವಾಗಲೋ. ಸೋತರೂ ಗೆದ್ದರೂ ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣೆ-ಮಿರ್ಚಿ ಕೊಡಿಸುತ್ತಾರೆ, ಸ್ವಂತ ಜೇಬಿನಿಂದ. ಎಲ್ಲರಿಗೂ ಒಂದೇ ಪ್ಲೇಟು. ಆಡದೇ ಇದ್ದವನಿಗೆ ಮಿರ್ಚಿ ಒಂದು ಜಾಸ್ತಿ.

ಒಂದು ಚೀಟಿ ಬಂದಿದೆ. ಓದ್ತೀನಿ. "ಅಷ್ಟು ದೊಡ್ಡ ಕೋಚ್, ಆದರೆ ಚಾಂಪಿಯನ್‌ಶಿಪ್ ಎರಡೇ ಯಾಕೆ?" ಒಳ್ಳೆಯ ಪ್ರಶ್ನೆ. 1982 ಮತ್ತು 1993, ಎರಡೇ. ಕೊನೆಯ ನಾಲ್ಕರ ಘಟ್ಟಕ್ಕೆ 11 ಸಲ ಹೋದವರು. ಅದು ನಾಕ್ಔಟ್, ಒಂದು ರಾತ್ರಿ ಕೆಟ್ಟರೆ ಮನೆಗೆ. ಅದು ಪೂರ್ತಿ ಉತ್ತರ ಅಲ್ಲ ಅಂತ ಚೀಟಿ ಬರೆದವರಿಗೂ ಗೊತ್ತು.

1984ರ ಮ್ಯಾಚ್ ಹೇಳ್ತೀನಿ. ಜೋರ್ಡನ್‌ನ ಕೊನೆಯ ಕಾಲೇಜು ಮ್ಯಾಚ್, ಇಂಡಿಯಾನಾ ವಿರುದ್ಧ. ಆ ವರ್ಷ ದೇಶದಲ್ಲೇ ಇವರಷ್ಟು ಬಲವಾದ ತಂಡ ಇರಲಿಲ್ಲ ಅಂತ ಎಲ್ಲರ ಮಾತು. ಜೋರ್ಡನ್‌ಗೆ ಬೇಗನೇ ಎರಡು ಫೌಲ್ ಬಿತ್ತು. ಐದು ಬಿದ್ದರೆ ಆಟಗಾರ ಮ್ಯಾಚಿನಿಂದಲೇ ಹೊರಗೆ. ಕೋಚ್ ಹೊರಗೆ ಕೂರಿಸಿದರು. ಬೇರೆ ಯಾವ ಹುಡುಗನಿಗೆ ಎರಡು ಬಿದ್ದಿದ್ದರೂ ಹಾಗೇ ಮಾಡುತ್ತಿದ್ದರು, ಇವನಿಗೂ ಮಾಡಿದರು. ಮೊದಲ ಅರ್ಧದ ಬಹುಭಾಗ ಜೋರ್ಡನ್ ಬೆಂಚಿನಲ್ಲಿ. ಆ ಮ್ಯಾಚಿನಲ್ಲಿ ಅವನ ಲೆಕ್ಕಕ್ಕೆ 13 ಪಾಯಿಂಟ್. 72-68ಕ್ಕೆ ಸೋತು ಹೊರಬಿದ್ದರು. ಜೋರ್ಡನ್‌ನನ್ನು 20 ಪಾಯಿಂಟ್ ಒಳಗೆ ಹಿಡಿದಿಟ್ಟ ಒಬ್ಬನೇ ಒಬ್ಬ ಡೀನ್ ಸ್ಮಿತ್ ಅಂತ ಅಮೆರಿಕದಲ್ಲಿ ಒಂದು ಹಳೆಯ ಜೋಕ್ ಇದೆ. ಕಾಲೇಜಿನ ಮೂರು ವರ್ಷದಲ್ಲಿ ಜೋರ್ಡನ್‌ನ ಸರಾಸರಿ ಮ್ಯಾಚಿಗೆ 17.7 ಪಾಯಿಂಟ್. ಜೋಕ್ ಹೇಳುವವರ ಬಾಯಿ ಮುಚ್ಚಿಸೋಕೆ ಆಗಲ್ಲ.

ನನ್ನನ್ನು ಕೇಳಿದರೆ, ಎರಡು ಫೌಲ್ ಅಂದ್ರೆ ಇನ್ನೂ ಮೂರು ಬಾಕಿ ಇದೆ. ನಾನಾಗಿದ್ದರೆ ಆಡಿಸುತ್ತಿದ್ದೆ. ಟೇಬಲ್‌ನಲ್ಲಿ ಕೂತವನಿಗೆ ಹೀಗೆ ಹೇಳೋದು ಸುಲಭ. ಬೆಂಚಿನ ಮುಂದೆ ನಿಂತವರ ಲೆಕ್ಕ ಬೇರೆ ಇರುತ್ತೆ. ಇಲ್ಲಿ ಅಂಥವರು ನಾಲ್ಕೈದು ಜನ ಇದ್ದಾರೆ, ಆಗಿನಿಂದ ಒಬ್ಬರಿಗೊಬ್ಬರು ಪಿಸುಗುಡ್ತಾ ಇದ್ದಾರೆ. ಸರ್, ನೀವೇ ಬನ್ನಿ. ಈ ಚೀಟಿಗೆ ಉತ್ತರ ನೀವು ಹೇಳಿ, ಮೈಕ್ ತಗೊಳ್ಳಿ.