ನೂರು ದಿನದ ಬಿಡುವು

ಕೇಳುಗರೇ, ನಮಸ್ಕಾರ.

2024ರ ಮಾರ್ಚ್ ತಿಂಗಳು ಬೆಂಗಳೂರಿನಲ್ಲಿದ್ದವರಿಗೆ ಮರೆಯೋಕಾಗಲ್ಲ. ನಮ್ಮ ಬೀದಿಗೆ ರಾತ್ರಿ ಹನ್ನೊಂದರ ಮೇಲೆ ನೀರಿನ ಟ್ಯಾಂಕರ್ ಬರುತ್ತಿತ್ತು. ಹಿಂದಕ್ಕೆ ಬರುವಾಗಿನ ಅದರ ಪೀಂ ಪೀಂ ಸದ್ದು ಕೇಳಿದ್ದೇ ತಡ, ಒಂದೊಂದೇ ಗೇಟಿನ ದೀಪ ಹತ್ತಿಕೊಳ್ಳುತ್ತಿತ್ತು. ನಾನೂ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಸಂಪಿನ ಮುಚ್ಚಳ ಸರಿಸಿ ನಿಲ್ಲುತ್ತಿದ್ದೆ. ಡ್ರೈವರ್ ಮೊಬೈಲ್ ನೋಡುತ್ತಿದ್ದ. ನಾನು ನೀರು ನೋಡುತ್ತಿದ್ದೆ.

ಆಗ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ, ನಗರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಟ್ಯಾಂಕರ್ ನೀರಿಗೂ ದರ ಕಟ್ಟಿದರು. ಐದು ಕಿಲೋಮೀಟರ್ ಒಳಗಾದರೆ 6 ಸಾವಿರ ಲೀಟರಿಗೆ 600 ರೂಪಾಯಿ. ಆ ದರಕ್ಕೆ ನಮ್ಮ ಬೀದಿಗೆ ಒಂದು ಟ್ಯಾಂಕರೂ ಬರಲಿಲ್ಲ, ಅದು ಬೇರೆ ಮಾತು.

ಆ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಸಿಗುವ ಮಳೆಯೇ ಇಲ್ಲ. ಆಮೇಲೆ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು! ಜೂನ್ ತಿಂಗಳ ಒಂದು ದಿನದಲ್ಲಿ ಬೆಂಗಳೂರು ಅಷ್ಟು ಮಳೆ ಕಂಡ ದಾಖಲೆಯೇ ಇರಲಿಲ್ಲ. ಅವತ್ತು ಸುಮ್ನೆ ಕೂತು ಒಂದು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಒಂದು ಸಾವಿರ ಚದರಡಿ, ಅಂದರೆ 93 ಚದರ ಮೀಟರ್. ಒಂದೇ ದಿನಕ್ಕೆ ಹತ್ತು ಸಾವಿರ ಲೀಟರ್ ದಾಟಿತು. ಕೈಮುಗಿದು, ಗೋಗರೆದು, ಕಾದು ಕೊಂಡ ಟ್ಯಾಂಕರ್ ನೀರಿಗಿಂತ ಜಾಸ್ತಿ. ಅಷ್ಟೂ ನೀರು ಪೈಪಿನಿಂದ ಬೀದಿಗೆ, ಬೀದಿಯಿಂದ ರಾಜಕಾಲುವೆಗೆ ಹೋಯಿತು.

ಬೆಂಗಳೂರಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ನಮ್ಮ ತಾರಸಿ ಮೇಲೆ ಬೀಳುವುದು 90 ಸಾವಿರ ಲೀಟರ್. ಹದಿನೈದು ಟ್ಯಾಂಕರ್. ಇನ್ನೊಂದು ಕಡೆ ಕಾವೇರಿ ನೀರನ್ನು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತೇವೆ. ಜಲಮಂಡಳಿಯ ದುಡ್ಡಿನ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ. ತಾರಸಿ ಮೇಲೆ ಬೀಳುವ ನೀರನ್ನು ಮಾತ್ರ ಯಾರೂ ಎತ್ತಬೇಕಿಲ್ಲ, ಆಗಲೇ ಎತ್ತರದಲ್ಲಿರುತ್ತದೆ.

ಇಷ್ಟು ಹೇಳಿದರೆ "ಮಳೆ ಬಂದಾಗ ಸರಿ, ಬರದಿದ್ದಾಗ?" ಅಂತ ಕೇಳುತ್ತೀರಿ, ಅಲ್ವಾ? ಸರಿಯಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಿದವರು ನಮ್ಮಲ್ಲೇ ಇದ್ದಾರೆ. ಎ.ಆರ್. ಶಿವಕುಮಾರ್ ಅಂತ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದವರು. ಬೆಂಗಳೂರಿನ ವಿಜಯನಗರದಲ್ಲಿ ಅವರ ಮನೆ. ಕಾವೇರಿ ಸಂಪರ್ಕ ತೆಗೆದುಕೊಳ್ಳದೆ ತೊಂಬತ್ತರ ದಶಕದಿಂದ ಮಳೆನೀರಲ್ಲೇ ಸಂಸಾರ ನಡೆಸಿದ ಮನೆ.

ಮನೆ ಕಟ್ಟುವ ಮುಂಚೆ ಅವರು ಮಾಡಿದ ಕೆಲಸ ನನಗೆ ಬಲು ಇಷ್ಟ. ಬೆಂಗಳೂರಿನ ನೂರು ವರ್ಷದ ಮಳೆ ದಾಖಲೆ ತೆಗೆದುಕೊಂಡು ಕೂತರು. ಎಷ್ಟು ಮಳೆ ಬರುತ್ತದೆ ಅನ್ನೋದನ್ನು ಎಲ್ಲರೂ ನೋಡುತ್ತಾರೆ. ಇವರು ಮಳೆ ಎಷ್ಟು ದಿನ ಬರೋದಿಲ್ಲ ಅಂತ ನೋಡಿದರು. ಎರಡು ಒಳ್ಳೆಯ ಮಳೆಗಳ ನಡುವಿನ ಅತಿ ದೊಡ್ಡ ಬಿಡುವು ಸುಮಾರು ನೂರು ದಿನ. ಮನೆಯವರಿಗೆ ದಿನಕ್ಕೆ 400 ಲೀಟರ್ ಬೇಕು. ನೂರು ದಿನಕ್ಕೆ 40 ಸಾವಿರ. ಸ್ವಲ್ಪ ಹೆಚ್ಚೇ ಇರಲಿ ಅಂತ 45 ಸಾವಿರ ಲೀಟರ್ ಹಿಡಿಸುವಷ್ಟು ತೊಟ್ಟಿ ಕಟ್ಟಿಸಿದರು. ನಮ್ಮ ಹಳ್ಳಿ ಮನೆಯಲ್ಲಿ ಅಜ್ಜಿ ರಾಗಿ ಅಳೆಯುತ್ತಿದ್ದದ್ದೂ ಹೀಗೇ. ಈ ವರ್ಷ ಎಷ್ಟು ಬೆಳೆಯಿತು ಅನ್ನೋದಕ್ಕಿಂತ ಮುಂದಿನ ಸುಗ್ಗಿಗೆ ಎಷ್ಟು ದಿನ ಇದೆ ಅನ್ನೋದೇ ಅವರಿಗೆ ಮುಖ್ಯ. ಅದರ ಮೇಲೆ ಕಣಜ.

ಈಗ ಕಾಯಿದೆ ಕಡೆ ನೋಡೋಣ. 2009ರಲ್ಲಿ ಜಲಮಂಡಳಿ ಕಾಯಿದೆಗೆ ತಿದ್ದುಪಡಿ ಬಂತು. 60x40 ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೆ, 30x40 ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಕಟ್ಟುವ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಬೇರೆ ಊರುಗಳಿಗೆ ಹೋಲಿಸಿದರೆ ಒಳ್ಳೆಯ ಕೆಲಸ. ಅದರ ಹಿಂದೆ ಶಿವಕುಮಾರ್ ಅವರಂಥವರು ವರ್ಷಗಟ್ಟಲೆ ಸಭೆ, ತರಬೇತಿ ಅಂತ ಓಡಾಡಿದ್ದಾರೆ. ಆದರೆ ಶುರುವಿನ ನಿಯಮ ಕೇಳಿದ್ದು ತಾರಸಿಯ ಪ್ರತಿ ಚದರ ಮೀಟರಿಗೆ ಬರೀ 20 ಲೀಟರ್ ಹಿಡಿದಿಡುವ ಅಥವಾ ಇಂಗಿಸುವ ವ್ಯವಸ್ಥೆ. ನಮ್ಮ ಮನೆಗೆ 1,860 ಲೀಟರ್. ದಿನಕ್ಕೆ 400ರಂತೆ ಐದು ದಿನಕ್ಕೂ ಸಾಲದು. ಬಿಡುವು ಮಾತ್ರ ನೂರು ದಿನ! ಇಂಗಿಸುವುದು ಬೇಡ ಅಂತಲ್ಲ. ಮಣ್ಣು ವಡ್ಡರ ಕೈಯಲ್ಲಿ ಇಪ್ಪತ್ತಡಿ ಇಂಗುಬಾವಿ ತೋಡಿಸಿ, ರಿಂಗ್ ಇಳಿಸಿ, ತುಂಬಿ ಹರಿಯುವ ನೀರನ್ನು ಅದಕ್ಕೆ ಬಿಡಬೇಕು. ಆದರೆ ಇಂಗಿದ ನೀರು ಊರಿನದು, ಯಾರದೋ ಬೋರಿಗೆ ಹೋಗುತ್ತದೆ. ತೊಟ್ಟಿಯ ನೀರು ನಾಳೆ ಬೆಳಗ್ಗೆ ನಿಮ್ಮ ಅನ್ನಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಸರಿ ಕಾಣಲಿಲ್ಲ.

ನಮ್ಮ ಮನೆ ಕಥೆ ಇನ್ನೂ ಚೆಂದ. ಮನೆ ಕಟ್ಟಿಸುವಾಗ ಮೇಸ್ತ್ರಿ ಒಂದು ನೀಲಿ ಡ್ರಮ್ಮಿಗೆ ಜಲ್ಲಿ, ಮರಳು ತುಂಬಿ ಪೈಪಿನ ಕೆಳಗಿಟ್ಟ. ಫೋಟೋ ತೆಗೆದು ಅರ್ಜಿಗೆ ಅಂಟಿಸಿದ. ನೀರಿನ ಸಂಪರ್ಕ ಬಂತು. ಏಳು ವರ್ಷ ಆದ ಮೇಲೆ, ಆ ಜೂನ್ ಮಳೆಯ ಮಾರನೇ ದಿನ ಡ್ರಮ್ ಬಿಚ್ಚಿಸಿದೆ. ಡ್ರಮ್ಮಿನಿಂದ ಸಂಪಿಗೆ ಹೋಗಬೇಕಿದ್ದ ಪೈಪೇ ಇಲ್ಲ! ಏಳು ವರ್ಷ ಆ ಡ್ರಮ್ಮನ್ನು ನೋಡಿ ನಾವು ಹೆಮ್ಮೆ ಪಟ್ಟಿದ್ದೇ ಬಂತು.

ಆಮೇಲೆ ಶಿವಕುಮಾರ್ ಅವರೇ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಹಾಕಿಸಿದೆವು. ಗೋಡೆಗೆ ಒರಗಿದ ದಪ್ಪ ಪೈಪಿನ ಹಾಗೆ ಕಾಣುತ್ತದೆ. ಅಡಿಯಲ್ಲಿ ಒಂದು ಬಿರಡೆ. ಮೊದಲ ಮಳೆಗೆ ತಾರಸಿಯ ಧೂಳು, ಹಿಕ್ಕೆ ತೊಳೆದು ಬರುವ ನೀರನ್ನು ಅಲ್ಲಿಂದ ಹೊರಗೆ ಬಿಡಬೇಕು. ಬಿರಡೆ ಮುಚ್ಚಿದರೆ ನೀರು ಕೆಳಗಿನಿಂದ ಮೇಲೇರುತ್ತ ಸೋಸಿಕೊಂಡು ಸಂಪಿಗೆ ಹೋಗುತ್ತದೆ. ಕಸ ಕಟ್ಟಿಕೊಂಡು ಒತ್ತಡ ಜಾಸ್ತಿಯಾಯಿತೋ, ಒಳಗಿನ ಸೋಸುವ ಭಾಗ ತಾನೇ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ಕುಕ್ಕರಿನ ವಿಷಲ್ ಏಳುವ ಹಾಗೆ. ತಾರಸಿಯಲ್ಲಿ ನೀರು ಕಟ್ಟಿ ನಿಲ್ಲೋದಿಲ್ಲ.

ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ತೊಳೆಯುವುದು ನನ್ನ ಪಾಲಿನ ಕೆಲಸ. ಹೋದ ಸಲ ಸಿಕ್ಕಿದ್ದು ಒಂದು ಹಿಡಿ ಹೊಂಗೆ ಎಲೆ, ಕಾಗೆ ಎಲ್ಲಿಂದಲೋ ತಂದ ಕೋಡುಬಳೆ ಚೂರು, ಎದುರುಮನೆ ಹುಡುಗನ ಶಟಲ್ ಕಾಕ್. ಅವನು ಅದಕ್ಕಾಗಿ ನಮ್ಮ ಗೇಟಿನ ಹತ್ತಿರ ಎರಡು ದಿನ ಹುಡುಕಿದ್ದ.

ಸಂಪು ಮಾತ್ರ ಇನ್ನೂ 6 ಸಾವಿರ ಲೀಟರಿನದೇ. ಹದಿನೈದು ದಿನದ ನೀರು. ಇನ್ನು ಎಂಬತ್ತೈದು ದಿನ ಬಾಕಿ. ಮುಂದಿನ ಜಾಗದಲ್ಲಿ ದೊಡ್ಡದೊಂದು ತೋಡಿಸೋಣ ಅಂತ ನಾನು. ತೋಡುವಷ್ಟು ದಿನ ಕಾರು ಎಲ್ಲಿ ನಿಲ್ಲಿಸೋದು ಅಂತ ಮನೆಯವರು. ಈ ಮಾತು ಯುಗಾದಿಯಿಂದ ನಡೀತಾ ಇದೆ. ನಿನ್ನೆ ಅವರೇ ಟೇಪು ಹಿಡಿದುಕೊಂಡು ಗೇಟಿನಿಂದ ಮೆಟ್ಟಿಲವರೆಗೆ ಅಳೆಯುತ್ತಿದ್ದರು. ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ, ಏನೂ ಕೇಳಲಿಲ್ಲ.

ನಮಸ್ಕಾರ.