ಮರ ಬೇಕಂದ್ರೆ ಮೊದಲು ಕಾಡಿಗೆ: ‘ಎಕೋಟೋಪಿಯಾ’ ಹಿಡ್ಕೊಂಡು ಒಂದು ದಿನ

ಬೆಳಗ್ಗೆ ಏಳೂಮುಕ್ಕಾಲು, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ರೈಲು ಸ್ಟೇಷನ್. ನನ್ನ ಕೈಯಲ್ಲಿರೋ ಈ ಪುಸ್ತಕ ನೋಡಿ. ಹಾಳೆಯ ಅಂಚೆಲ್ಲ ಹಳದಿಯಾಗಿದೆ, ಬೆನ್ನು ಬಿಟ್ಟುಹೋಗಿ ನಾನೇ ಟೇಪ್ ಅಂಟಿಸಿದ್ದೀನಿ. ಬರ್ಕ್ಲಿಯಲ್ಲಿ ಹಳೇ ಪುಸ್ತಕ ಮಾರೋ ಒಂದು ಅಂಗಡಿಯಲ್ಲಿ ಸಿಕ್ಕಿದ್ದು. ಹೆಸರು ‘ಎಕೋಟೋಪಿಯಾ’, ಬರೆದವರು ಅರ್ನೆಸ್ಟ್ ಕ್ಯಾಲೆನ್‌ಬಾಕ್, ಮೊದಲು ಅಚ್ಚಾಗಿದ್ದು 1975ರಲ್ಲಿ. ಇದರಲ್ಲಿರೋ ಊರು ನಾನು ದಿನಾ ಓಡಾಡೋ ಊರೇ. ಅದಕ್ಕೆ ಇವತ್ತು ರಜೆ ಹಾಕಿ, ಪುಸ್ತಕದ ಸ್ಯಾನ್ ಫ್ರಾನ್ಸಿಸ್ಕೋವನ್ನ ನಿಜವಾದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಡುಕೋಕೆ ಹೊರಟಿದ್ದೀನಿ.

ಕಥೆ ಹೀಗಿದೆ. 1980ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್ ಮೂರೂ ಸೇರಿ ಅಮೆರಿಕದಿಂದ ಹಿಸೆ ತಗೊಂಡು ಬೇರೆ ದೇಶ ಮಾಡ್ಕೊಳ್ತವೆ. ಗಡಿ ಮುಚ್ಚಿಬಿಡ್ತಾರೆ. ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಆದ್ಮೇಲೆ, 1999ರಲ್ಲಿ, ನ್ಯೂಯಾರ್ಕಿನ ವಿಲಿಯಂ ವೆಸ್ಟನ್ ಅನ್ನೋ ಪತ್ರಕರ್ತ ಮೊದಲ ಸಲ ಅಧಿಕೃತವಾಗಿ ಒಳಗೆ ಹೋಗ್ತಾನೆ. ಪತ್ರಿಕೆಗೆ ಕಳಿಸೋ ವರದಿ ಒಂದು, ತನ್ನ ಪಾಡಿಗೆ ಡೈರಿಯಲ್ಲಿ ಬರ್ಕೊಳ್ಳೋದು ಇನ್ನೊಂದು. ವರದಿಯಲ್ಲಿ ಅನುಮಾನ ಜಾಸ್ತಿ. ಡೈರಿಯಲ್ಲಿ ಮನಸ್ಸು ಮೆಲ್ಲಗೆ ಕರಗ್ತಾ ಹೋಗುತ್ತೆ.

1999 ಅಂದಾಗೆಲ್ಲ ನನಗೆ ದೊಡ್ಡಪ್ಪನ ಮಗ ನೆನಪಾಗ್ತಾನೆ. ಆ ವರ್ಷವೇ ಅವನು ಬೆಂಗಳೂರಿಂದ ಇಲ್ಲಿಗೆ ಬಂದಿದ್ದು, ವೈಟೂಕೆ ಕೆಲಸಕ್ಕೆ. ಕಂಪ್ಯೂಟರುಗಳಿಗೆ 2000ನೇ ಇಸವಿ ಎಣಿಸೋಕೆ ಕಲಿಸಬೇಕಿತ್ತಲ್ಲ, ಅದಕ್ಕೆ ನಮ್ಮ ಕಡೆಯ ಎಷ್ಟೋ ಹುಡುಗ್ರು ವಿಮಾನ ಹತ್ತಿದ್ರು. ಕಾದಂಬರಿಯ 1999ರಲ್ಲಿ ಈ ಬಾಗಿಲು ಮುಚ್ಚಿದೆ. ನಿಜವಾದ 1999ರಲ್ಲಿ ತೆರೆದಿತ್ತು, ಅದೇ ಬಾಗಿಲಿಂದ ಹದಿನೈದು ವರ್ಷ ಆದ್ಮೇಲೆ ನಾನೂ ಬಂದೆ. ಓದುವಾಗ ಇದು ನನ್ನ ತಲೆಯಿಂದ ಹೋಗ್ಲೇ ಇಲ್ಲ.

ಈಗ ರೈಲು ಕೊಲ್ಲಿಯ ನೀರಿನ ಅಡಿಯಲ್ಲಿದೆ, ಹಾಗಾಗಿ ಈ ಕತ್ತಲೆ, ಈ ಸದ್ದು. ಈ ಸುರಂಗದಲ್ಲಿ ಪ್ರಯಾಣಿಕರ ರೈಲು ಓಡೋಕೆ ಶುರುವಾಗಿದ್ದು 1974ರಲ್ಲಿ. ಕ್ಯಾಲೆನ್‌ಬಾಕ್ ಬರೀತಾ ಇದ್ದ ಹೊತ್ತಿಗೆ ಇದು ಹೊಸತು. ಅವರ ಪುಸ್ತಕದ ರೈಲು ಮಾತ್ರ ಇದಲ್ಲ. ಅದು ಅಯಸ್ಕಾಂತದ ಬಲದಲ್ಲಿ ಹಳಿ ಮುಟ್ಟದೆ ತೇಲುತ್ತೆ. ಒಳಗೆ ಸೀಟೇ ಇಲ್ಲ, ನೆಲದ ಮೇಲೆ ಚರ್ಮದ ದಿಂಬುಗಳು, ಮೇಲಿಂದ ಇಳಿಬಿಟ್ಟ ಜರೀಗಿಡಗಳು. ಕಸಕ್ಕೆ ಮೂರು ಡಬ್ಬಿ, ಲೋಹಕ್ಕೊಂದು, ಗಾಜಿಗೊಂದು, ಕಾಗದ ಮತ್ತೆ ಪ್ಲಾಸ್ಟಿಕ್‌ಗೊಂದು. ಯಾವುದನ್ನ ಎಲ್ಲಿ ಹಾಕಬೇಕು ಅಂತ ವೆಸ್ಟನ್ ಕಲೀಬೇಕಾಗುತ್ತೆ.

ಮಾರ್ಕೆಟ್ ಸ್ಟ್ರೀಟ್‌ಗೆ ಬಂದ್ವಿ. ಇಲ್ಲಿ ಒಂದು ನಿಮಿಷ ನಿಲ್ಲೋಣ.

ವೆಸ್ಟನ್ ರೈಲಿಳಿದು ಈ ಬೀದಿಗೆ ಬಂದಾಗ ಅವನಿಗೆ ಮೊದಲು ತಟ್ಟೋದು ಮೌನ. ಇಷ್ಟಗಲದ ರಸ್ತೆಯಲ್ಲಿ ವಾಹನಕ್ಕೆ ಉಳಿದಿರೋದು ಎರಡೇ ಸಾಲು, ಅದರಲ್ಲೂ ವಿದ್ಯುತ್ ಟ್ಯಾಕ್ಸಿ, ಚಿಕ್ಕ ಬಸ್ಸು, ಸಾಮಾನಿನ ಗಾಡಿ ಅಷ್ಟೇ. ಉಳಿದ ಜಾಗಕ್ಕೆಲ್ಲ ಸಾವಿರಾರು ಮರ, ಸೈಕಲ್ ದಾರಿ, ಕೂರೋಕೆ ಬೆಂಚು. ನಡುವೆ ಕಲ್ಲಿನ ಮೇಲೆ ಇಳಿದು ಬರೋ ಒಂದು ತೊರೆ, ದಡದಲ್ಲಿ ಬಿದಿರು, ನೀರಲ್ಲಿ ಪುಟ್ಟ ಮೀನು. ಆ ಮೀನಿನ ಹತ್ತಿರ ಬಂದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಪೇಟೆಯ ನಟ್ಟನಡುವೆ ಮೀನು ಬದುಕುತ್ತೆ ಅಂದ್ರೆ, ಆ ನೀರಿಗೆ ಯಾರೂ ಏನನ್ನೂ ಬಿಡ್ತಾ ಇಲ್ಲ ಅಂತ ಅರ್ಥ.

ಇವತ್ತಿನ ಬೀದಿ ನಿಮ್ಮ ಕಣ್ಣ ಮುಂದಿದೆ. ತೊರೆ ಇಲ್ಲ. ಸಾಲುಮರಗಳಿವೆ, ಹಳೇ ಟ್ರಾಮ್ ಗಾಡಿಗಳು ಓಡ್ತವೆ, ಸೈಕಲ್‌ನವರು ಹೋಗ್ತಾ ಇದ್ದಾರೆ. 2020ರ ಜನವರಿಯಲ್ಲಿ ಈ ಬೀದಿಯ ದೊಡ್ಡ ಭಾಗಕ್ಕೆ ಖಾಸಗಿ ಕಾರು ಬರೋದನ್ನ ನಿಲ್ಲಿಸಿದ್ರು. ಆ ಮೂರು ಡಬ್ಬಿ ಕೂಡ ಬೇರೆ ರೂಪದಲ್ಲಿ ಬಂದಿವೆ, ಹಸಿರು, ನೀಲಿ, ಕಪ್ಪು. ಹಸಿಕಸ ಬೇರೆ ಮಾಡ್ಲೇಬೇಕು ಅಂತ ಈ ನಗರ ಕಾನೂನು ಮಾಡಿದ್ದು 2009ರಲ್ಲಿ. ನಾವು ಸಿಪ್ಪೆ ಸುಲಿದು ಹಸಿರು ಡಬ್ಬಿಗೆ ಹಾಕಿದ್ದು ಗೊಬ್ಬರವಾಗಿ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ಹೋಗುತ್ತೆ.

ಈ ಗೊಬ್ಬರದ ಮಾತು ಸುಮ್ಮನೆ ತೆಗೆದಿದ್ದಲ್ಲ. ಈ ಕಾದಂಬರಿ ಹುಟ್ಟಿದ್ದೇ ಚರಂಡಿಯಿಂದ. ಕ್ಯಾಲೆನ್‌ಬಾಕ್ ಕಾದಂಬರಿಕಾರರಾಗಿರಲಿಲ್ಲ, ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಲ್ಲಿ ಕೆಲಸ. 1958ರಿಂದ 1991ರವರೆಗೆ ‘ಫಿಲ್ಮ್ ಕ್ವಾರ್ಟರ್ಲಿ’ ಅನ್ನೋ ಸಿನಿಮಾ ಪತ್ರಿಕೆಯ ಸಂಪಾದಕ. ಊರಿನ ಮಲಮೂತ್ರವನ್ನ ನೀರಿಗೆ ಬಿಡೋ ಬದಲು ಮಣ್ಣಿಗೆ ಯಾಕೆ ವಾಪಸ್ ಕೊಡಬಾರದು ಅಂತ ಒಂದು ಲೇಖನ ಬರೆಯೋಕೆ ಹೊರಟಿದ್ರು. ಅದನ್ನ ಮಾಡೋ ಸಮಾಜ ಹೇಗಿರಬೇಕು ಅಂತ ಯೋಚಿಸ್ತಾ ಯೋಚಿಸ್ತಾ ಒಂದು ದೇಶವೇ ಎದ್ದು ನಿಂತಿತು. ಕಾದಂಬರಿಯಲ್ಲಿ ಆ ದೇಶ ಏಳೇ ವರ್ಷದಲ್ಲಿ ರಾಸಾಯನಿಕ ಗೊಬ್ಬರ ಪೂರ್ತಿ ಬಿಡುತ್ತೆ. ಊಟ ಹೊಲದಿಂದ ಬಂತು, ಹೊಲಕ್ಕೇ ಹೋಗ್ಬೇಕು. ಪುಸ್ತಕದ ಲೆಕ್ಕವೆಲ್ಲ ಇಷ್ಟೇ.

ಒಬ್ಬರಾದ ಮೇಲೊಬ್ಬ ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ರು. ಕೊನೆಗೆ ಗೆಳೆಯರು ದುಡ್ಡು ಹಾಕಿದ್ರು, ಬರ್ಕ್ಲಿಯಲ್ಲೇ ಅಚ್ಚಾಯ್ತು. ಆ ಪುಟ್ಟ ಪ್ರಕಾಶನಕ್ಕೆ ಅವರು ಇಟ್ಟ ಹೆಸರು ಬನ್ಯನ್ ಟ್ರೀ ಬುಕ್ಸ್, ಅಂದ್ರೆ ನಮ್ಮ ಆಲದ ಮರ! ತೆರೆದು ಆ ಹೆಸರು ನೋಡಿದಾಗ ದೂರದ ಊರಲ್ಲಿ ನೆಂಟರು ಸಿಕ್ಕಿದ ಹಾಗಾಯ್ತು. 1977ರಲ್ಲಿ ಬ್ಯಾಂಟಮ್ ಅನ್ನೋ ದೊಡ್ಡ ಪ್ರಕಾಶನ ಮತ್ತೆ ತಂದ ಮೇಲೆ ಲಕ್ಷಗಟ್ಟಲೆ ಪ್ರತಿ ಹೋಯ್ತು.

ಅವರು ಬರೆದ ಕಾಲವನ್ನೂ ನೋಡಿ. 1969ರಲ್ಲಿ ಸಾಂತಾ ಬಾರ್ಬರಾ ಕಡಲಿಗೆ ತೈಲ ಸೋರಿತ್ತು, ಅದೇ ವರ್ಷ ಓಹಾಯೋದ ಕಯಾಹೋಗಾ ನದಿಗೆ ಬೆಂಕಿ ಬಿದ್ದಿತ್ತು. 1970ರ ಏಪ್ರಿಲ್ 22ರಂದು ಮೊದಲ ಭೂಮಿ ದಿನ. 1971ರಲ್ಲಿ ಒರೆಗಾನ್ ಖಾಲಿ ಬಾಟಲಿ ವಾಪಸ್ ಕೊಟ್ಟರೆ ಠೇವಣಿ ದುಡ್ಡು ಕೊಡೋ ಕಾನೂನು ತಂತು, ಅಮೆರಿಕದಲ್ಲಿ ಅದೇ ಮೊದಲು. 1974ರಲ್ಲಿ ಪೋರ್ಟ್‌ಲ್ಯಾಂಡ್ ನದಿದಡದ ಒಂದು ಹೆದ್ದಾರಿಯನ್ನೇ ಮುಚ್ಚಿಬಿಡ್ತು, ಈಗ ಅಲ್ಲಿ ಪಾರ್ಕ್ ಇದೆ. ಬೀಜ ಎಲ್ಲ ಸುತ್ತಮುತ್ತಲೇ ಬಿದ್ದಿತ್ತು, ಅವರು ಆರಿಸಿ ತಂದು ಒಂದೇ ಪಾತಿಯಲ್ಲಿ ಬಿತ್ತಿದ್ರು.

ಆ ದೇಶದಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ಕೆಲಸ. ಅಧ್ಯಕ್ಷೆ ಒಬ್ಬ ಹೆಂಗಸು. ಪ್ಲಾಸ್ಟಿಕ್ಕನ್ನ ಗಿಡದಿಂದ ಮಾಡ್ತಾರೆ, ಮಣ್ಣಲ್ಲಿ ಕರಗುತ್ತೆ. ಇವನ್ನೆಲ್ಲ ಎಷ್ಟೋ ಜನ ಮಾತಾಡಿದ್ದಾರೆ. ನನಗೆ ಹೇಳ್ಲೇಬೇಕು ಅನಿಸೋದು ಕಾಡಿನ ನಿಯಮದ ಬಗ್ಗೆ.

ನಿಮಗೆ ಮನೆ ಕಟ್ಟೋಕೆ ಮರ ಬೇಕು ಅಂತಿಟ್ಕೊಳ್ಳಿ. ದುಡ್ಡು ಕೊಟ್ಟರೆ ಸಾಲದು. ಮೊದಲು ಕಾಡಿನ ಶಿಬಿರಕ್ಕೆ ಹೋಗಿ ಕೆಲಸ ಮಾಡ್ಬೇಕು. ಸಸಿ ನೆಡ್ಬೇಕು, ಇದ್ದ ಗಿಡ ನೋಡ್ಕೋಬೇಕು. ನೀವು ಬಳಸೋ ಮರದಷ್ಟು ಮರ ಮತ್ತೆ ಬೆಳೆಯೋಕೆ ಎಷ್ಟು ದುಡಿಮೆ ಬೇಕೋ ಅಷ್ಟು ಕೊಟ್ಟ ಮೇಲೇ ಮರ. ವೆಸ್ಟನ್‌ಗೆ ಇದು ವಿಚಿತ್ರ ಅನಿಸುತ್ತೆ. ಒಂದು ದೊಡ್ಡ ಮರ ಬೀಳಿಸುವಾಗ ಕೆಲಸದವರು ಅದರ ಹತ್ತಿರ ಕ್ಷಮೆ ಕೇಳೋ ಹಾಗೆ ಗುನುಗೋದನ್ನ ಅವನು ನೋಡ್ತಾನೆ. ಅವನು ಪ್ರೀತಿಸೋ ಮರಿಸ್ಸಾ ಕೂಡ ಕಾಡಿನ ಕೆಲಸದವಳೇ.

ನನಗೆ ವಿಚಿತ್ರ ಅನಿಸ್ಲಿಲ್ಲ. ನಾನು ಹುಟ್ಟಿದ್ದು ಸಿರ್ಸಿ ಕಡೆ. ನಮ್ಮಲ್ಲಿ ಅಡಿಕೆ ತೋಟದ ಜೊತೆಗೆ ಸೊಪ್ಪಿನಬೆಟ್ಟ ಇರುತ್ತೆ. ಬೆಟ್ಟ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಮತ್ತಿ, ಹೊನ್ನೆ, ನಂದಿ ಮರದ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸ್ತಾರೆ, ಬೇಸಿಗೆಯಲ್ಲಿ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿ ತರ್ತಾರೆ, ಅದು ಗೊಬ್ಬರಗುಂಡಿಗೆ ಹೋಗಿ ತೋಟ ಸೇರುತ್ತೆ. ಸೊಪ್ಪಿಗೆ ಹೊರಟಾಗೆಲ್ಲ ಅಪ್ಪಯ್ಯ ಒಂದೇ ಮಾತು ಹೇಳೋರು, ತುದಿ ಕಡೀಬೇಡಿ ಅಂತ. ಮರದ ತಲೆ ಉಳಿದರೆ ಬರೋ ವರ್ಷ ಮತ್ತೆ ಚಿಗುರುತ್ತೆ. ಈ ಮಾತು ಮರೆತವರ ಬೆಟ್ಟ ಬೋಳಾಗಿದ್ದನ್ನೂ ನೋಡಿದ್ದೀನಿ. ಕ್ಯಾಲೆನ್‌ಬಾಕ್‌ಗೆ ನಮ್ಮ ಬೆಟ್ಟ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ಅವರು ದೇಶಕ್ಕೆ ಕಾನೂನು ಮಾಡಿ ಬರೆದಿದ್ದು ನನ್ನ ಅಪ್ಪಯ್ಯನ ಬಾಯಲ್ಲಿ ಬೈಗುಳವಾಗಿ ಬರ್ತಿತ್ತು, ಅಷ್ಟೇ.

ಆದ್ರೆ ಪುಸ್ತಕದಲ್ಲಿ ಮನಸ್ಸಿಗೆ ಚುಚ್ಚೋದೂ ಇದೆ, ಅದನ್ನ ಬಿಟ್ಟು ಹೇಳಿದ್ರೆ ತಪ್ಪಾಗುತ್ತೆ. ಕಪ್ಪು ಜನ ಈ ಹಸಿರು ದೇಶದೊಳಗೆ ‘ಸೋಲ್ ಸಿಟಿ’ ಅನ್ನೋ ತಮ್ಮದೇ ಬೇರೆ ಭಾಗದಲ್ಲಿ ಇರ್ತಾರೆ. ಇಷ್ಟೆಲ್ಲ ಸರಿಮಾಡಿದ ಕಲ್ಪನೆಗೆ ಒಟ್ಟಿಗೆ ಬದುಕೋದು ಮಾತ್ರ ಸಾಧ್ಯವಾಗ್ಲಿಲ್ಲ. ಅಮೆರಿಕ ದಾಳಿ ಮಾಡದಿರಲಿ ಅಂತ ಅಲ್ಲಿನ ದೊಡ್ಡ ನಗರಗಳಲ್ಲಿ ಅಣುಬಾಂಬ್ ಹೂತಿಟ್ಟಿದ್ದೀವಿ ಅನ್ನೋ ಬೆದರಿಕೆಯ ಮೇಲೆ ಈ ದೇಶದ ಸ್ವಾತಂತ್ರ್ಯ ನಿಂತಿದೆ. ಮೂಲನಿವಾಸಿಗಳ ಬದುಕೇ ಇವರಿಗೆ ಮಾದರಿ, ಆದ್ರೆ ಕಥೆಯೊಳಗೆ ಅವರಿಗೆ ದೊಡ್ಡ ಪಾತ್ರ ಇಲ್ಲ. ಕಾಡಿಗೆ ಯಾವಾಗ, ಎಷ್ಟು ಬೆಂಕಿ ಕೊಟ್ಟರೆ ಒಳ್ಳೇದು ಅಂತ ಗೊತ್ತಿದ್ದ ಯುರೊಕ್, ಕರುಕ್ ಅನ್ನೋ ಇಲ್ಲಿನ ಮೂಲನಿವಾಸಿ ಜನಗಳನ್ನ ಕೇಳಿದ್ದಿದ್ರೆ ಕಾಡಿನ ಆ ಅಧ್ಯಾಯ ಬೇರೆಯೇ ಆಗ್ತಿತ್ತು ಅಂತ ನನಗನಿಸುತ್ತೆ.

ಈಗ ಬರೋ ಕ್ಲಿಪ್ ಇವತ್ತಿನದಲ್ಲ. ಬಣ್ಣ ನಾನು ಬದಲಾಯಿಸಿಲ್ಲ. 2020ರ ಸೆಪ್ಟೆಂಬರ್ 9, ಬೆಳಗ್ಗೆ ಹತ್ತು ಗಂಟೆ. ಆಕಾಶ ಪೂರ್ತಿ ಕಿತ್ತಳೆ. ಬೀದಿದೀಪ ಆರಿಲ್ಲ, ಕಾರುಗಳೆಲ್ಲ ಲೈಟ್ ಹಾಕ್ಕೊಂಡು ಹೋಗ್ತಿದ್ವು. ಕೆಳಗೆ ಕಡಲ ಮಂಜು, ಅದರ ಮೇಲೆ ಕಾಡ್ಗಿಚ್ಚಿನ ಹೊಗೆ. ಬಿಸಿಲಿನ ನೀಲಿಯನ್ನ ಹೊಗೆ ತಡೆದು ಕೆಂಪು, ಕಿತ್ತಳೆ ಮಾತ್ರ ಕೆಳಗೆ ಬಿಟ್ಟಿತ್ತು. ಹಕ್ಕಿಗಳ ಸದ್ದಿಲ್ಲ. ಊರಿಂದ ಆಯಿ ವಿಡಿಯೋ ಕಾಲ್ ಮಾಡಿದ್ರು. ನಾನು ಕಿಟಕಿ ಕಡೆ ಫೋನ್ ತಿರುಗಿಸಿದೆ. “ಅಲ್ಲಿ ಇನ್ನೂ ಬೆಳಗಾಗಿಲ್ವೇ ಮಗಾ?” ಅಂದ್ರು.

ಆ ವಾರ ಹತ್ತಿ ಉರಿದಿದ್ದು ಯಾವ ರಾಜ್ಯಗಳು ಗೊತ್ತಾ? ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್. ಕಾದಂಬರಿಯ ನಕ್ಷೆಯ ಅದೇ ಮೂರು. ಒರೆಗಾನ್‌ನಲ್ಲಿ ಟ್ಯಾಲೆಂಟ್, ಫೀನಿಕ್ಸ್ ಅನ್ನೋ ಚಿಕ್ಕ ಊರುಗಳಲ್ಲಿ ಸಾಲುಸಾಲು ಮನೆ ಸುಟ್ಟುಹೋದವು. ಕ್ಯಾಲಿಫೋರ್ನಿಯಾ ಒಂದರಲ್ಲೇ ಆ ವರ್ಷ 40 ಲಕ್ಷ ಎಕರೆಗೂ ಜಾಸ್ತಿ ಸುಡ್ತು. ಹೊಗೆ ಖಂಡ ದಾಟಿ ನ್ಯೂಯಾರ್ಕಿನ ಆಕಾಶ ಮುಟ್ಟಿತು, ವೆಸ್ಟನ್ ಹೊರಟು ಬಂದ ಊರು ಅದು.

ನಮ್ಮ ಕಡೆ ಅಣ್ಣತಮ್ಮ ಹಿಸೆಯಾದಾಗ ಗದ್ದೆ ಪಾಲಾಗುತ್ತೆ, ತೋಟ ಪಾಲಾಗುತ್ತೆ, ಪಾತ್ರೆ ಕೂಡ ಪಾಲಾಗುತ್ತೆ. ಬಾವಿ ಪಾಲಾಗಲ್ಲ. ಇಬ್ಬರೂ ಅದೇ ರಾಟೆಗೆ ಹಗ್ಗ ಹಾಕ್ಬೇಕು, ಮಾತು ಬಿಟ್ಟಿದ್ರೂ ಸರಿ. ಗಡಿ ಮುಚ್ಚಿ ಗಾಳಿಯನ್ನ ಚೊಕ್ಕ ಇಟ್ಕೊಳ್ಳೋ ಕನಸು ಆ ಕಿತ್ತಳೆ ಬೆಳಗಿನಲ್ಲಿ ನನ್ನ ಕಣ್ಣೆದುರೇ ಬಿದ್ದುಹೋಯ್ತು. ಆದ್ರೆ ಕಾಡಿನ ನಿಯಮ ಬೀಳ್ಲಿಲ್ಲ. ಬಳಸೋದಕ್ಕೆ ಮೊದಲು ಕೊಡು ಅನ್ನೋದಕ್ಕೆ ಬೇರೆ ದೇಶ ಬೇಕಾಗಿಲ್ಲ.

ಮಧ್ಯಾಹ್ನ ಬರ್ಕ್ಲಿಗೆ ಬಂದೆ. ಕ್ಯಾಲೆನ್‌ಬಾಕ್ ಇದ್ದಿದ್ದು ಇದೇ ಊರಲ್ಲಿ, 2012ರ ಏಪ್ರಿಲ್‌ನಲ್ಲಿ ತೀರ್ಕೊಂಡಿದ್ದೂ ಇಲ್ಲೇ. ಆಮೇಲೆ ಅವರ ಕಂಪ್ಯೂಟರಲ್ಲಿ ಒಂದು ಪತ್ರ ಸಿಕ್ತು, ಎಕೋಟೋಪಿಯಾದ ಜನಕ್ಕೆ ಅಂತ ಬರೆದಿದ್ದು. ಮುಂದೆ ಕಷ್ಟದ ಕಾಲ ಬರುತ್ತೆ ಅಂತ ಅದರಲ್ಲಿ ನೇರವಾಗಿ ಹೇಳ್ತಾರೆ. ಆಸೆ ಬಿಡಬೇಡಿ, ಒಬ್ಬರಿಗೊಬ್ಬರು ಆಗಿ, ಕೈಕೆಲಸ ಕಲೀರಿ ಅಂತಾರೆ. ಇಪ್ಪತ್ತು ವರ್ಷದಲ್ಲಿ ದೇಶವನ್ನೇ ಬದಲಾಯಿಸಿ ತೋರಿಸಿದ ಮನುಷ್ಯ ಕೊನೆಗೆ ಕೇಳಿಕೊಂಡಿದ್ದು ಇಷ್ಟೇ ಅಂತ ಓದಿದಾಗ ನನಗೆ ಗಂಟಲು ಕಟ್ತು.

ಕಾದಂಬರಿ ಇನ್ನೂ ಓದದವರು ಮುಂದಿನ ಅರ್ಧ ನಿಮಿಷ ಕಿವಿ ಮುಚ್ಕೊಳ್ಳಿ. ವೆಸ್ಟನ್ ವಾಪಸ್ ಹೋಗಲ್ಲ, ಅಲ್ಲೇ ಉಳೀತಾನೆ. ವೀಸಾ ಮೇಲೆ ಬದುಕೋ ನನ್ನಂಥವಳಿಗೆ ಆ ಕೊನೇ ಪುಟ ಸುಲಭವಲ್ಲ. ಉಳಿಯೋದು, ಹೋಗೋದು ನನ್ನ ಕೈಯಲ್ಲಿಲ್ಲ. ಇಲ್ಲಿ ನನಗೆ ಓಟೂ ಇಲ್ಲ.

ಅದಕ್ಕೇ ಈ ಬೆಟ್ಟಕ್ಕೆ ಬರ್ತೀನಿ. ಊರಿನ ಹಿಂದಿನ ಗುಡ್ಡದಲ್ಲಿ ಹಳದಿ ಹೂವಿನ ಪೊದೆ ಕಾಣ್ತಿದೆಯಲ್ಲ, ಅದು ಫ್ರೆಂಚ್ ಬ್ರೂಮ್. ನನ್ನ ಹಾಗೇ ಹೊರಗಿಂದ ಬಂದಿದ್ದು, ಆದ್ರೆ ಇಲ್ಲಿನ ಗಿಡಕ್ಕೆ ಜಾಗ ಕೊಡಲ್ಲ, ಬೇಸಿಗೆಯಲ್ಲಿ ಬೆಂಕಿ ತಗಲಿದ್ರೆ ಧಗ್ ಅಂತ ಹತ್ತುತ್ತೆ. ಮಳೆ ಬಿದ್ದು ಮಣ್ಣು ಮೆತ್ತಗಿದ್ದಾಗ ಬೇರು ಸಮೇತ ಕೀಳ್ಬೇಕು. ಮೇಲಿಂದ ಕಡಿದ್ರೆ ಮತ್ತೆ ಚಿಗುರುತ್ತೆ. ಅಪ್ಪಯ್ಯನ ಬೆಟ್ಟದಲ್ಲಿ ತುದಿ ಉಳಿಸೋ ಪಾಠ, ಇಲ್ಲಿ ಬೇರು ಬಿಡದಿರೋ ಪಾಠ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ, ಹಾಗಾಗಿ ಕಿತ್ತ ಜಾಗಕ್ಕೇ ಮತ್ತೆ ಮತ್ತೆ ಬರ್ಬೇಕು.

ಈ ತುಂಡು ಜಾಗ ನಾನು ಹೋದ ವರ್ಷ ಕಿತ್ತಿದ್ದು. ನೋಡಿ, ಬೆರಳುದ್ದದ ಸಸಿಗಳು ಮತ್ತೆ ಎದ್ದಿವೆ. ಕ್ಯಾಮೆರಾ ಈ ಕಲ್ಲಿನ ಮೇಲೆ ಇಡ್ತೀನಿ. ಎರಡೂ ಕೈ ಬೇಕು.