ಸೂಜಿ ಕಂಡರೆ ತಲೆ ಸುತ್ತುವವರಿಗೆ

ಎಲ್ಲರಿಗೂ ನಮಸ್ಕಾರ. ಹಲ್ಲಿ ಕಂಡರೆ ಹೆದರುವವರು ಕೈ ಎತ್ತಿ ಅಂದರೆ ಇಲ್ಲಿ ಸುಮಾರು ಕೈ ಮೇಲೇಳುತ್ತವೆ. ಎತ್ತರ, ಲಿಫ್ಟ್, ನಾಯಿ, ಗುಡುಗು ಅಂದರೆ ಇನ್ನೊಂದಷ್ಟು. ಬಲೂನು ಒಡೆದೀತು ಅಂತ ಹುಟ್ಟುಹಬ್ಬಕ್ಕೇ ಹೋಗದವರಿದ್ದಾರೆ. ಅಂಗಿಯ ಗುಂಡಿ ಮುಟ್ಟಲಾರದವರೂ ಇದ್ದಾರೆ. ಭಯ ಎಲ್ಲರಿಗೂ ಇದೆ. ಅದರಿಂದ ತಪ್ಪಿಸಿಕೊಳ್ಳೋಕೆ ಅಂತ ದಿನದ ಬದುಕನ್ನೇ ಬದಲಿಸಿಕೊಂಡರೆ ಅದು ಫೋಬಿಯಾ.

ನಮ್ಮಕ್ಕ ಕತ್ತಲಾದ ಮೇಲೆ ಅಡುಗೆಮನೆಗೆ ಹೋಗಬೇಕಾದರೆ ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿ, ಲೈಟ್ ಹಾಕಿ, ಟ್ಯೂಬ್‌ಲೈಟ್ ಸುತ್ತ ನೋಡಿ, ಆಮೇಲೆ ಕಾಲಿಡುತ್ತಾಳೆ. ಇಪ್ಪತ್ತು ವರ್ಷದಿಂದ ಹೀಗೇ. ಚಿಕ್ಕಂದಿನಲ್ಲಿ ಅಣ್ಣಂದಿರು ಭಯ ಬಿಡಿಸ್ತೀವಿ ಅಂತ ಸತ್ತ ಹಲ್ಲಿ ತಂದು ಮೈಮೇಲೆ ಎಸೆದಿದ್ದರು. ದಯವಿಟ್ಟು ಯಾರಿಗೂ ಹೀಗೆ ಮಾಡಬೇಡಿ. ಭಯ ಬಿಡಿಸೋಕೆ ನಿಧಾನದ ದಾರಿ ಇದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಅಮೆರಿಕದ ಮನೋವಿಜ್ಞಾನಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಸ್ವಲ್ಪಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿಸಿದ. ಇವತ್ತಿನ ಚಿಕಿತ್ಸೆಯೂ ಹೆಚ್ಚುಕಡಿಮೆ ಇದೇ ದಾರಿಯದು.

ನನ್ನ ಭಯ ಸೂಜಿಯದು. ಒಮ್ಮೆ ಲ್ಯಾಬ್‌ನಲ್ಲಿ ರಕ್ತ ಕೊಡುವಾಗ ಕುರ್ಚಿಯಿಂದ ಜಾರಿ ಬಿದ್ದೆ. 'ಇಷ್ಟು ದೊಡ್ಡವರಾಗಿ ಹೀಗಾ?' ಅಂದರು ಲ್ಯಾಬ್‌ನವರು. ಆ ಮಾತಿಗೆ ನಾಲ್ಕು ವರ್ಷ ಯಾವ ಪರೀಕ್ಷೆಗೂ ಹೋಗಲಿಲ್ಲ. ಇದು ಧೈರ್ಯದ ವಿಷಯವೇ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಬೇರೆ ಭಯಗಳಲ್ಲಿ ಎದೆ ಹೊಡೆದುಕೊಳ್ಳುತ್ತೆ, ಬಿಪಿ ಏರುತ್ತೆ, ತಲೆ ತಿರುಗಿ ಬೀಳೋದು ಅಪರೂಪ. ರಕ್ತ, ಸೂಜಿ ಕಂಡಾಗ ಮಾತ್ರ ಕೆಲವರಿಗೆ ಬಿಪಿ ಮೊದಲು ಏರಿ, ಆಮೇಲೆ ದಿಢೀರನೆ ಇಳಿದು, ಮಿದುಳಿಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತೆ. ಇದು ಎಷ್ಟೋ ಮನೆತನಗಳಲ್ಲಿ ಹರಿದು ಬರುತ್ತೆ. ನಮ್ಮಪ್ಪನಿಗೂ ಇತ್ತು, ಪಾಪ, ಯಾರಿಗೂ ಹೇಳಿರಲಿಲ್ಲ.

'ಮೈ ಸಡಿಲ ಬಿಡಿ' ಅಂತ ಎಲ್ಲರೂ ಹೇಳುತ್ತಾರಲ್ವಾ? ನಮ್ಮಂಥವರಿಗೆ ಅದು ಉಲ್ಟಾ. ಮೈ ಬಿಗಿ ಮಾಡಬೇಕು, ಆಗ ಬಿಪಿ ಇಳಿಯಲ್ಲ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ಈ ಅಭ್ಯಾಸವನ್ನು ಚಿಕಿತ್ಸೆಯಾಗಿ ರೂಪಿಸಿದರು. ನನಗೆ ಕಲಿಸಿದ್ದು ಒಬ್ಬ ಆಪ್ತಸಲಹೆಗಾರರು. ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಕೂತಲ್ಲೇ ಒಂದು ಸಲ ಮಾಡೋಣ ಬನ್ನಿ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಸುಮ್ನೆ ನೋಡಿ ಸಾಕು, ಡಾಕ್ಟರನ್ನು ಕೇಳಿ ಮಾಡಿ. ಮುಷ್ಟಿ ಕಟ್ಟಿ. ಕೈ, ಕಾಲು, ಹೊಟ್ಟೆ ಬಿಗಿ ಹಿಡಿಯಿರಿ, ಮುಖ ಬಿಸಿಯಾಗುವವರೆಗೆ, ಹತ್ತು ಹದಿನೈದು ಸೆಕೆಂಡು. ಉಸಿರು ಕಟ್ಟಬೇಡಿ. ಈಗ ಬಿಡಿ. ಅರ್ಧ ನಿಮಿಷ ಬಿಟ್ಟು ಮತ್ತೆ, ಹೀಗೆ ಐದು ಸಲ. ಲ್ಯಾಬ್‌ನಲ್ಲಿ ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲವಾಗಿಡಿ. 'ನನಗೆ ತಲೆ ಸುತ್ತುತ್ತೆ, ಮಲಗಿಕೊಂಡು ಕೊಡ್ತೀನಿ' ಅಂತ ಮೊದಲೇ ಹೇಳಿಬಿಡಿ. ನಾನು ಈಗ ಹಾಗೇ ಹೇಳುತ್ತೇನೆ.